ಮುದ್ದೆಯೊಳಗಿನ ಕೆಂಪು ಮಾತ್ರೆ

ಮಂಡ್ಯಕ್ಕೆ ಬಂದ ಮೊದಲನೇ ದಿನವೇ ನಾನು ಬೈಸಿಕೊಂಡೆ. ಮಾಡಿದ ತಪ್ಪೇನೆಂದರೆ ಊಟವನ್ನು ಅಗಿದದ್ದು.

ಅಲ್ಲಿನ ಗುತ್ತಲು ಬಡಾವಣೆಯಲ್ಲಿ ಬಾಡಿಗೆಗೆ ಒಂದು ಮಹಡಿ ಮನೆ ಸಿಕ್ಕಿತ್ತು. ಸಾಮಾನೆಲ್ಲ ಇನ್ನೂ ಗೋಣಿಚೀಲದಲ್ಲೇ ಇತ್ತು. ಮನೆಯ ಒಡತಿ ಪುಟ್ಟತಾಯಮ್ಮ ಅರವತ್ತು ದಾಟಿದವರು, ಕೆಳಗಿನ ಮನೆಯಲ್ಲಿ ಇರುವವರು. ನನ್ನನ್ನೂ ನನ್ನ ಎಂಟು ವರ್ಷದ ಮಗಳು ಲೀಲಾಳನ್ನೂ ಒಳಗೆ ಕರೆದು ತಟ್ಟೆ ಹಾಕಿದರು. ತಟ್ಟೆಯ ನಡುವೆ ಕರಿಯ ಗುಂಡೊಂದು ಹೊಗೆಯಾಡುತ್ತಾ ಕೂತಿತ್ತು. ಸುತ್ತ ಸೊಪ್ಪಿನ ಸಾರು. ನಾನು ಒಂದು ತುತ್ತು ಮುರಿದು ಬಾಯಿಗಿಟ್ಟು, ನಮ್ಮೂರಲ್ಲಿ ರೊಟ್ಟಿ ತಿನ್ನುವ ಹಾಗೆ ಅಗಿಯತೊಡಗಿದೆ. ಅದು ಹಲ್ಲಿಗೆ, ನಾಲಿಗೆಗೆ, ಅಂಗುಳಕ್ಕೆ ಎಲ್ಲಾ ಕಡೆ ಮೆತ್ತಿಕೊಂಡಿತು.

"ಅಯ್ಯೋ ಶಿವ್ನೆ! ಮುದ್ದೇನ ಅಗೀತಾವ್ಳಲ್ಲಪ್ಪ!" ಪುಟ್ಟತಾಯಮ್ಮ ಸೌಟು ಹಿಡಿದೇ ನಿಂತುಬಿಟ್ಟರು. "ಯಾವೂರು ಕಣವ್ವ ನಿಂದು? ಮೇಕೆ ಮೇದಂಗೆ ಮೇಯ್ತಿದ್ದೀಯಲ್ಲ!"

"ನಮ್ಮ ಕಡೆ ಮುದ್ದಿ ಮಾಡಂಗಿಲ್ರೀ ಅಮ್ಮಾರ. ರೊಟ್ಟಿ ತಿಂತೀವ್ರಿ," ಎಂದೆ, ಬಾಯಿ ತುಂಬ ಮುದ್ದೆ ಇಟ್ಟುಕೊಂಡು.

"ರೊಟ್ಟಿ ಅಗ್ಕೊ, ಯಾರ್ ಬ್ಯಾಡಂದ್ರು? ಇದು ಮುದ್ದೆ. ಮುರ್ಕೊ, ಸಾರಲ್ಲಿ ಅದ್ದು, ಬಾಯ್ಗಾಕು, ಗುಳುಂ ಅನ್ಸು. ಅಷ್ಟೆಯಾ."

ಗುರುತು ಪರಿಚಯವಿಲ್ಲದ ಹೆಂಗಸು ತಮ್ಮ ಮನೆಯ ನೆಲದ ಮೇಲೆ ಕೂತ ಅತಿಥಿಯನ್ನು ಹೀಗೆ ಗದರಿಸುವುದನ್ನು ನಾನು ಕಂಡಿರಲಿಲ್ಲ. ನಮ್ಮ ಸಿಂದಗಿ ಸೀಮೆಯಲ್ಲಿ ಎಂಥ ಕೋಪದಲ್ಲೂ ಮಾತಿನ ಕೊನೆಗೆ ಒಂದು 'ರೀ' ಅಂಟಿಸಿಯೇ ಬೈಯುತ್ತೇವೆ. ಇಲ್ಲಿ ಪ್ರೀತಿ ಬಂದರೂ 'ಲೇ', ಸಿಟ್ಟು ಬಂದರೂ 'ಲೇ'. ಎರಡಕ್ಕೂ ಇರುವ ವ್ಯತ್ಯಾಸ ತಿಳಿಯುವುದಕ್ಕೆ ನನಗೆ ಆರು ತಿಂಗಳು ಬೇಕಾಯಿತು. ಅವತ್ತು ಮಾತ್ರ ಮಹಡಿಗೆ ಹತ್ತಿ, ಗೋಣಿಚೀಲದ ಮೇಲೆ ಕೂತು ಅತ್ತೆ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ನಮ್ಮ ಜಿಲ್ಲೆಯ ಗಂಡು ಹೆಣ್ಣು ಮಕ್ಕಳು ದಕ್ಷಿಣದ ಬಸ್ಸುಗಳಲ್ಲಿ ಹೀಗೆ ಹರಡಿಕೊಂಡಿರುವುದು ಊರಲ್ಲಿರುವ ನಿಮಗೆ ಹೊಸ ಸಂಗತಿಯಲ್ಲ. ಪ್ರತಿ ಓಣಿಯಿಂದ ಒಬ್ಬರಾದರೂ ಇದ್ದೇವೆ. ಎಲ್ಲರೂ ವರ್ಗಾವಣೆಗೆ ಅರ್ಜಿ ಹಾಕಿ, ಪಟ್ಟಿ ಯಾವಾಗ ಬರುತ್ತದೋ ಎಂದು ಕಾಯುತ್ತಾ ದಿನ ದೂಡುತ್ತೇವೆ. ನಮ್ಮ ಮನೆಯವರು ಊರಲ್ಲೇ ಮೇಷ್ಟ್ರು. ಶಾಲೆಗೆ ರಜೆ ಬಿಟ್ಟಾಗ ಬಂದು ಹೋಗುತ್ತಾರೆ. ಮಗಳನ್ನು ಊರಲ್ಲೇ ಅಜ್ಜಿಯ ಹತ್ತಿರ ಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಿಡಲಾಗದ್ದಕ್ಕೆ ಕಾರಣ ಗೋಧಿ.

ಲೀಲಾಗೆ ಏಳು ವರ್ಷ ತುಂಬುವವರೆಗೂ ಅವಳ ಹೊಟ್ಟೆ ಮುಂದೆ, ಕೈಕಾಲು ಕಡ್ಡಿ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಜಂತುಹುಳು ಅಂದರು, ದೃಷ್ಟಿ ಅಂದರು, ತಾಯತ ಕಟ್ಟಿಸಿದೆವು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಹೇಳಿದ ಹೆಸರು ಸೀಲಿಯಾಕ್. ಗೋಧಿಯಲ್ಲಿ, ಜವೆಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದಂತೆ. ಅದು ಒಳಗೆ ಹೋದರೆ ಇವಳ ಮೈ ತನ್ನ ಕರುಳನ್ನೇ ಶತ್ರು ಅಂದುಕೊಂಡು ಹೊಡೆಯುತ್ತದಂತೆ. ಒಂದು ಚಿಟಿಕೆಯೂ ಕೂಡದು, ಬದುಕಿರುವ ತನಕ ಕೂಡದು ಅಂದರು.

ನಮ್ಮ ಅತ್ತೆಗೆ ಇದು ಅರ್ಥವೇ ಆಗಲಿಲ್ಲ. ಜೋಳದ ರೊಟ್ಟಿ ತಿನ್ನಬಹುದು ಅಂದಾಗ ಸಮಾಧಾನ ಪಟ್ಟರು. ಆದರೆ ಹಬ್ಬಕ್ಕೆ ಗೋಧಿ ಹುಗ್ಗಿ, ಬಿಡುವಾದಾಗ ಗೋಧಿಯ ಮಾದಲಿ, ನೆಂಟರು ಬಂದರೆ ಚಪಾತಿ. "ಒಂದ್ ತುತ್ತಿಗೆ ಏನಾಕ್ಕೈತಿ, ಹುಡುಗಿ ಬಾಯಿ ನೋಡತೈತಿ" ಎಂದು ಸೆರಗಿನ ಮರೆಯಲ್ಲಿ ತಿನ್ನಿಸುತ್ತಿದ್ದರು. ನಾನು ಕೂಗಾಡಿದರೆ ಅವರೇ ಅಳುತ್ತಿದ್ದರು. ಅಂಥ ಹೊತ್ತಿನಲ್ಲಿ ಮಂಡ್ಯದ ಡಿಪೋಗೆ ಹೋಗೆಂದು ಆದೇಶ ಬಂತು. ಬೇರೆಯವರು ಅಯ್ಯೋ ಅಂದರು. ನಾನು ಮಾತ್ರ ರಾಗಿಯ ನಾಡು, ಅಕ್ಕಿಯ ನಾಡು, ಗೋಧಿ ಮುಟ್ಟದೆಯೇ ಬದುಕಬಹುದಾದ ನಾಡು ಎಂದು ಮಗಳ ಕೈಹಿಡಿದು ರೈಲು ಹತ್ತಿದೆ.

ಪುಟ್ಟತಾಯಮ್ಮನಿಗೆ ಎಲ್ಲವನ್ನೂ ಮೊದಲೇ ಹೇಳಿದ್ದೆ. ಅವರು ಬಾಯಿ ತೆರೆದುಕೊಂಡು ಕೇಳಿದರು. "ಗೋಧೀಲಿ ಯಿಸ ಐತಾ?" ಅಂದರು. "ಎಲ್ಲಾರಿಗೂ ಅಲ್ರೀ, ಈಕಿಗಷ್ಟ" ಎಂದೆ. ಮಾರನೇ ದಿನವೇ ತಮ್ಮ ಮನೆಯ ಹಿಂಗಿನ ಡಬ್ಬಿಯನ್ನು ಎತ್ತಿ ಪಕ್ಕದ ಮನೆಗೆ ಕೊಟ್ಟರು. ಕಟ್ಟಿ ಹಿಂಗಿಗೆ ಮೈದಾ ಬೆರೆಸಿರುತ್ತಾರೆ ಎಂದು ನಾನು ಹೇಳಿದ್ದು ಒಂದೇ ಸಲ. ನಮ್ಮ ಅತ್ತೆಗೆ ಒಂದು ವರ್ಷ ಹೇಳಿಯೂ ಆಗದ ಕೆಲಸ ಇಲ್ಲಿ ಒಂದು ಸಂಜೆಯಲ್ಲಿ ಆಗಿಬಿಟ್ಟಿತ್ತು. ಅವರ ಯಜಮಾನರು ದುದ್ದದ ಕಡೆ ಜಮೀನಿನಲ್ಲೇ ಇರುತ್ತಿದ್ದರು. ರಾಗಿ ಅಲ್ಲಿಂದ ಬರುತ್ತಿತ್ತು, ಹಿಟ್ಟು ಮಾಡಿಸುವುದು ಇಲ್ಲಿಯ ಮಿಲ್ಲಿನಲ್ಲಿ. ನಾವು ಗಿರಣಿ ಅನ್ನುವುದಕ್ಕೆ ಇವರು ಮಿಲ್ಲು ಅನ್ನುತ್ತಾರೆ. ನಾನು ಡ್ಯೂಟಿಗೆ ಹೋದಾಗ ಲೀಲಾಳ ಊಟ, ಆಟ, ಜಡೆ ಎಲ್ಲವೂ ಕೆಳಗಿನ ಮನೆಯಲ್ಲಿ.

ನನ್ನ ಬಸ್ಸು ಮಂಡ್ಯದಿಂದ ಮದ್ದೂರಿಗೆ, ಮದ್ದೂರಿನಿಂದ ಮಳವಳ್ಳಿಗೆ. ವಾರದಲ್ಲಿ ಎರಡು ದಿನ ಮದ್ದೂರು–ಬೆಸಗರಹಳ್ಳಿ ಟ್ರಿಪ್ಪು. ಮೊದಮೊದಲು "ಮುಂದ ಸರೀರಿ, ಒಳಗ ಹೋಗ್ರಿ" ಎಂದರೆ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. "ಕಂಡಕ್ಟ್ರಮ್ಮ, ಟೀವಿ ನಾಟ್ಕದೋರಂಗೆ ಮಾತಾಡ್ತೀಯಲ್ಲ" ಅಂದವಳು ಒಬ್ಬಳು ಅಜ್ಜಿ. ಮದ್ದೂರಿನಲ್ಲಿ ಬಸ್ಸು ನಿಂತ ತಕ್ಷಣ ವಡೆ ಮಾರುವವರು ಹತ್ತುತ್ತಾರೆ. ಆ ವಾಸನೆಗೆ ನನ್ನ ಬಾಯಲ್ಲಿ ನೀರೂರುತ್ತದೆ. ಅದರಲ್ಲಿ ರವೆಯೂ ಮೈದಾವೂ ಇರುವುದರಿಂದ ಮನೆಗೆ ಒಂದು ದಿನವೂ ಕಟ್ಟಿಸಿಕೊಂಡು ಹೋಗಲಿಲ್ಲ.

ಈ ದಾರಿಯಲ್ಲಿ ಕಂಡಕ್ಟರಿಗೆ ಟಿಕೆಟ್ ಕೊಡುವುದರ ಜೊತೆಗೆ ಇನ್ನೊಂದು ಕೆಲಸವಿದೆ. ಹಳ್ಳಿಯ ಸ್ಟಾಪಿನಲ್ಲಿ ವಯಸ್ಸಾದವರು ಕೈಚಾಚಿ ಬಸ್ಸು ನಿಲ್ಲಿಸುತ್ತಾರೆ, ಆದರೆ ಹತ್ತುವುದಿಲ್ಲ. ಖಾಲಿಯಾದ ಮಾತ್ರೆಯ ಪಟ್ಟಿಯೊಂದನ್ನು ನನ್ನ ಕೈಗೆ ತುರುಕಿ, "ಇದೇ ಬಣ್ಣದ್ದು ಕಣಮ್ಮ, ಮದ್ದೂರಲ್ಲಿ ಇಸ್ಕೊಂಬಾ" ಅನ್ನುತ್ತಾರೆ. ಮದ್ದೂರಿನ ನಿಲ್ದಾಣದ ಎದುರಿಗೆ ಮಂಜಣ್ಣನ ಮೆಡಿಕಲ್ ಶಾಪು. ಡ್ರೈವರ್ ಟೀ ಕುಡಿಯುವ ಹತ್ತು ನಿಮಿಷದಲ್ಲಿ ನಾನು ಕಿಟಕಿಯಿಂದಲೇ ಪಟ್ಟಿಗಳನ್ನು ತೋರಿಸುತ್ತೇನೆ, ಮಂಜಣ್ಣ ರಸ್ತೆ ದಾಟಿ ಬಂದು ಅಂಥವನ್ನೇ ಕೈಗಿಡುತ್ತಾನೆ. ಹಿಂತಿರುಗುವಾಗ ಆಯಾ ಸ್ಟಾಪಿನಲ್ಲಿ ಇಳಿಸುತ್ತೇನೆ. ಬಿಳಿ ಬಿ.ಪಿ., ಹಳದಿ ಸಕ್ಕರೆ ಕಾಯಿಲೆ, ಕೆಂಪು ರಕ್ತಕ್ಕೆ. ಹೆಸರು ಯಾರೂ ಓದುತ್ತಿರಲಿಲ್ಲ, ನಾನೂ ಓದುತ್ತಿರಲಿಲ್ಲ. ನಮ್ಮೂರಲ್ಲಿ ಇಂಥ ಸಲುಗೆ ಇರಲಿಲ್ಲ ಎಂದು ಹೆಮ್ಮೆಪಟ್ಟು ನಮ್ಮವರಿಗೆ ಫೋನಿನಲ್ಲಿ ಹೇಳುತ್ತಿದ್ದೆ.

ಲೀಲಾ ನನಗಿಂತ ಬೇಗ ಈ ಊರಿನವಳಾದಳು. ಒಂದು ತಿಂಗಳಲ್ಲಿ ಮುದ್ದೆ ನುಂಗಲು ಕಲಿತಳು. ಅದೂ ಎಂಥ ನುಂಗು! ನೆಲ್ಲಿಕಾಯಿ ಗಾತ್ರದ ತುತ್ತು ಗಂಟಲಲ್ಲಿ ಇಳಿಯುವುದು ಹೊರಗೆ ಕಾಣುತ್ತಿತ್ತು. ವರ್ಷ ಕಳೆಯುವಷ್ಟರಲ್ಲಿ ಕೆನ್ನೆ ತುಂಬಿತು, ಫ್ರಾಕುಗಳೆಲ್ಲ ಗಿಡ್ಡವಾದವು. ರಕ್ತ ಮಾತ್ರ ಇನ್ನೂ ಸಾಲದು, ಕಬ್ಬಿಣದ ಔಷಧಿ ಮುಂದುವರಿಸಿ ಎಂದರು ಮೈಸೂರಿನ ಮಕ್ಕಳ ಡಾಕ್ಟರು. ಅದುವರೆಗೆ ಕೊಡುತ್ತಿದ್ದದ್ದು ಸಿರಪ್ಪು. ಹಲ್ಲು ಕಪ್ಪಾಗುತ್ತಿತ್ತು, ಅರ್ಧ ವಾಂತಿಯಾಗುತ್ತಿತ್ತು. ದೊಡ್ಡವಳಾದಳು, ಇನ್ನು ಮಾತ್ರೆ ಕೊಡಿ ಅಂದರು. ಅವಳಿಗೋ ಮಾತ್ರೆ ಕಂಡರೆ ಗಂಟಲು ಕಟ್ಟುತ್ತಿತ್ತು. ನೀರಿನ ಜೊತೆ ಕೊಟ್ಟರೆ ನೀರು ಇಳಿದು ಮಾತ್ರೆ ನಾಲಿಗೆಯ ಮೇಲೆ ಉಳಿಯುತ್ತಿತ್ತು.

ಈ ಕಷ್ಟವನ್ನು ಬಗೆಹರಿಸಿದವರು ಪುಟ್ಟತಾಯಮ್ಮ. "ಮುದ್ದೆ ನುಂಗೋ ಮಗೀಗೆ ಮಾತ್ರೆ ನುಂಗಕ್ಕೇನು ಧಾಡಿ?" ಎಂದು ಕೆಂಪು ಮಾತ್ರೆಯನ್ನು ಮುದ್ದೆಯ ತುತ್ತಿನೊಳಗೆ ಇಟ್ಟು, ಉಂಡೆ ಕಟ್ಟಿ, ಉಪ್ಸಾರಿನಲ್ಲಿ ಅದ್ದಿ, ಲೀಲಾಳ ಬಾಯಿಗಿಟ್ಟರು. ಗುಳುಂ. ಮಗಳು ಬಾಯಿ ತೆರೆದು ನಾಲಿಗೆ ಚಾಚಿ ತೋರಿಸಿದಳು. ಮಾತ್ರೆಯ ಗುರುತೂ ಇರಲಿಲ್ಲ. ನಾವು ಮೂವರೂ ಚಪ್ಪಾಳೆ ಹೊಡೆದುಕೊಂಡು ನಕ್ಕೆವು. ಪರಊರಿಗೆ ಬಂದ ಮೇಲೆ ನನಗೆ ಸಿಕ್ಕ ದೊಡ್ಡ ಗೆಲುವು ಅದು ಅಂದುಕೊಂಡಿದ್ದೆ. ಅಂದಿನಿಂದ ದಿನಾ ಮಧ್ಯಾಹ್ನ ಒಂದು, ಸಂಜೆ ಒಂದು, ಪುಟ್ಟತಾಯಮ್ಮನ ಕೈಯಿಂದಲೇ.

ಎರಡು ತಿಂಗಳು ಎಲ್ಲವೂ ಸರಿಯಾಗಿತ್ತು. ಆಮೇಲೆ ಲೀಲಾ ಮತ್ತೆ ಹೊಟ್ಟೆ ಹಿಡಿದುಕೊಳ್ಳತೊಡಗಿದಳು. ಮೊದಲು ಶಾಲೆ ತಪ್ಪಿಸಲು ನೆಪ ಅಂದುಕೊಂಡೆ. ಆಮೇಲೆ ಭೇದಿ ಶುರುವಾಯಿತು. ತುಟಿಯ ಕೊನೆ ಒಡೆಯಿತು. ಜಡೆ ಹಾಕುವಾಗ ಬಾಚಣಿಗೆಯಲ್ಲಿ ಕೂದಲು ಕಟ್ಟುಕಟ್ಟು ಬಂತು. ಅವಳ ಹಳೆಯ ಫ್ರಾಕೊಂದು ಮತ್ತೆ ಸರಿಯಾಗಿ ಕೂತ ದಿನ ಮೈಸೂರಿಗೆ ಓಡಿದೆ. ರಕ್ತ ಪರೀಕ್ಷೆಯ ಕಾಗದ ನೋಡಿ ಡಾಕ್ಟರು ಕನ್ನಡಕ ತೆಗೆದಿಟ್ಟರು.

"ಗೋಧಿ ಹೋಗ್ತಾ ಇದೆಯಮ್ಮ. ಎಲ್ಲಿಂದಲೋ ದಿನಾ ಹೋಗ್ತಾ ಇದೆ. ಹುಡುಕಿ."

"ಇಲ್ರೀ ಸರ್. ಮನಿಯಾಗ ಗೋಧಿನೇ ಇಲ್ರಿ."

"ಕಾಗದ ಸುಳ್ಳು ಹೇಳಲ್ಲ," ಅಂದರು.

ಮೈಸೂರಿನಿಂದ ಮಂಡ್ಯದವರೆಗೆ ಬಸ್ಸಿನ ಕಂಬಿ ಹಿಡಿದು ನಿಂತೇ ಬಂದೆ, ಸೀಟು ಖಾಲಿಯಿತ್ತು. ಬಿಸ್ಕತ್ತಿನ ಪೊಟ್ಟಣದಿಂದ ಹಿಡಿದು ಹಪ್ಪಳದ ಚೀಟಿಯವರೆಗೆ ಎಲ್ಲವನ್ನೂ ಓದಿದವಳು ನಾನು. ಮದುವೆ ಮನೆಗಳಲ್ಲಿ ಅಡುಗೆ ಭಟ್ಟರನ್ನು ಅಡ್ಡಗಟ್ಟಿ ಹುಳಿಗೆ ಏನು ಹಾಕಿದಿರಿ ಎಂದು ಕೇಳಿ ಅವರ ಕೆಂಗಣ್ಣಿಗೆ ಗುರಿಯಾದವಳು. ನನ್ನ ಕಣ್ಣು ತಪ್ಪಿಸಿ ಗೋಧಿ ಎಲ್ಲಿಂದ ಬರಬೇಕು? ನಾನು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಅವಳು ತಿನ್ನುವುದು ಎಲ್ಲಿ? ಅಲ್ಲಿಗೆ ಬಂದು ಯೋಚನೆ ನಿಂತಿತು.

ಮಾರನೇ ದಿನ ರಜೆ ಹಾಕಿ, ಪುಟ್ಟತಾಯಮ್ಮನಿಗೆ ಹೇಳದೆ ಆ ಮಿಲ್ಲಿಗೆ ಹೋಗಿ ನಿಂತೆ. ಒಬ್ಬಾಕೆ ಒಂದು ಡಬ್ಬಿ ಗೋಧಿ ಸುರಿದಳು. ಬಿಳಿ ಹಿಟ್ಟು ಇಳಿಯಿತು. ಅದರ ಹಿಂದೆಯೇ ಇನ್ನೊಬ್ಬಾಕೆ ಅದೇ ಬಾಯಿಗೆ ರಾಗಿ ಸುರಿದಳು. ಯಾರೂ ಒರೆಸಲಿಲ್ಲ, ಕೊಡವಲಿಲ್ಲ. ಮನೆಗೆ ಬಂದವಳೇ ಕೆಳಗಿನ ಮನೆಯ ಬಾಗಿಲಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಆಡಿದೆ. ನಿಮ್ಮ ಹಿಟ್ಟಿನಿಂದ ನನ್ನ ಮಗಳು ಸಾಯುತ್ತಿದ್ದಾಳೆ ಎಂದೆ. ಒಂದು ವರ್ಷ ನಮ್ಮ ಅತ್ತೆಗೆ ಹೇಳಿಯೂ ತೀರದೆ ನುಂಗಿಕೊಂಡದ್ದನ್ನೂ ಸೇರಿಸಿ ಹೇಳಿದೆ ಅಂತ ಈಗ ಅನ್ನಿಸುತ್ತದೆ.

ಮಾತಿಗೆ ಮಾತು ಕೊಡುವ ಪುಟ್ಟತಾಯಮ್ಮ ಅವತ್ತು ಎದುರಾಡಲಿಲ್ಲ. "ಅಂಗಾ?" ಅಂದರು. "ಸರಿ ಬುಡು," ಎಂದು ಒಳಗೆ ಹೋದರು.

ಲೀಲಾಳಿಗೆ ಕೆಳಗೆ ಇಳಿಯಬಾರದೆಂದು ಕಟ್ಟಪ್ಪಣೆ ಮಾಡಿದೆ. ಶಾಲೆ ಬಿಟ್ಟು ಬಂದು ಬೀಗ ತೆಗೆದುಕೊಂಡು ಒಬ್ಬಳೇ ಕೂರುತ್ತಿದ್ದಳು. "ಅಜ್ಜಿ ಏನ್ ಮಾಡುದ್ರು? ನನ್ಗೆ ಅಜ್ಜಿ ಬೇಕು ಕಣಮ್ಮ," ಎಂದು ಮಂಡ್ಯದ ಮಾತಿನಲ್ಲೇ ಅಳುತ್ತಿದ್ದಳು. ವರ್ಗಾವಣೆ ಅರ್ಜಿಯನ್ನು ಮಗಳ ಕಾಯಿಲೆಯ ಕಾಗದ ಲಗತ್ತಿಸಿ ಮತ್ತೊಮ್ಮೆ ಕೊಟ್ಟೆ. ರಾಗಿ ಬಿಟ್ಟು ಬರೀ ಅನ್ನ ಹಾಕಿದೆ. ಮುದ್ದೆ ಇಲ್ಲದ್ದರಿಂದ ಮಾತ್ರೆ ಮತ್ತೆ ಗಂಟಲಲ್ಲಿ ನಿಂತಿತು. ರಕ್ತ ಕಡಿಮೆಯಾಗುತ್ತಿರುವ ಹುಡುಗಿ, ಮಾತ್ರೆ ತಪ್ಪಿಸುವ ಹಾಗಿಲ್ಲ. ಅದನ್ನು ಕುಟ್ಟಿ ಪುಡಿ ಮಾಡಿ ಬೆಲ್ಲದಲ್ಲಿ ಕಲಸಿ, ಒಂದು ಕಣವೂ ಚೆಲ್ಲದ ಹಾಗೆ, ಬಟ್ಟಲನ್ನು ಬೆರಳಿನಿಂದ ಬಳಿದು ತಿನ್ನಿಸಿದೆ. ಇದನ್ನು ಬರೆಯುವಾಗ ಆ ಬೆರಳನ್ನೇ ನೋಡುತ್ತಿದ್ದೇನೆ.

ಮೂರು ವಾರವಾದರೂ ಹೊಟ್ಟೆನೋವು ಹೋಗಲಿಲ್ಲ. ಹೋಗುವುದಿರಲಿ, ಹೆಚ್ಚಾಯಿತು. ಮುದ್ದೆ ಇಲ್ಲ, ಮಿಲ್ಲು ಇಲ್ಲ, ಪುಟ್ಟತಾಯಮ್ಮನೂ ಇಲ್ಲ. ಮತ್ತೆ ಗೋಧಿ ಎಲ್ಲಿಂದ? ನನಗೆ ತಲೆ ಕೆಟ್ಟು ಹೋಯಿತು.

ಉತ್ತರ ಸಿಕ್ಕಿದ್ದು ಬೆಸಗರಹಳ್ಳಿ ಟ್ರಿಪ್ಪಿನಲ್ಲಿ. ನಾನು ಮಾತ್ರೆ ತಂದುಕೊಡುತ್ತಿದ್ದ ಚಿಕ್ಕೇಗೌಡ ಎಂಬ ಹಿರಿಯರು ಸ್ಟಾಪಿನಲ್ಲಿ ಬಸ್ಸನ್ನು ಅಡ್ಡಹಾಕಿ, ಪಟ್ಟಿಯನ್ನು ನನ್ನ ಮುಖಕ್ಕೆ ಹಿಡಿದರು.

"ಏನ್ ಕಂಡಕ್ಟ್ರಮ್ಮ, ಇದ್ಯಾವ್ ಮಾತ್ರೆ ತಂದಿದ್ದೀಯೆ? ಬಣ್ಣ ಅದೇ, ಹೆಸ್ರು ಬ್ಯಾರೆ. ತಿಂದಾಗ್ನಿಂದ ಮೈಯೆಲ್ಲಾ ಕಡ್ತ ಕಣಮ್ಮ!"

ತೋಳು ತೋರಿಸಿದರು. ಕೆಂಪಗೆ ದದ್ದು ಎದ್ದಿತ್ತು. ನನಗೆ ನಾಚಿಕೆಯಾಗಿ, ಮದ್ದೂರಿನಲ್ಲಿ ಇಳಿದು ಮಂಜಣ್ಣನ ಅಂಗಡಿಗೆ ಹೋಗಿ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ಅವನು ಒಳ್ಳೆಯ ಮನುಷ್ಯ, ಗಾಬರಿಯಾದ.

"ಆ ಕಂಪ್ನಿದು ಸ್ಟಾಕ್ ಇರ್ಲಿಲ್ಲ ಮೇಡಂ, ಇನ್ನೊಂದು ಕೊಟ್ಟೆ. ಮದ್ದು ಒಂದೇ. ಒಬ್ಬೊಬ್ರಿಗೆ ಆಗ್ಬರಲ್ಲ, ಒಳಗಿರೋ ಹಿಟ್ಟು ಬೇರೆ ಇರುತ್ತಲ್ಲ."

"ಏನ್ ಅಂದ್ರಿ?"

"ಹಿಟ್ಟು ಮೇಡಂ. ಮದ್ದು ಇರೋದು ಒಂದ್ ಚೂರು. ಮಾತ್ರೆ ಕಟ್ಟಕ್ಕೆ ಒಂದೀಟು ಹಿಟ್ಟು ಸೇರಿಸ್ತಾರೆ. ಜೋಳದ್ದೋ, ಆಲೂಗಡ್ಡೇದೋ, ಯಾವ್ದೋ."

ಹೊರಗೆ ಡ್ರೈವರ್ ಹಾರ್ನ್ ಮಾಡುತ್ತಿದ್ದ. ಪರ್ಸಿನಲ್ಲಿದ್ದ ಲೀಲಾಳ ಕೆಂಪು ಮಾತ್ರೆಯ ಪಟ್ಟಿ ತೆಗೆದೆ. ಅದನ್ನೂ ಕಿಟಕಿಯಿಂದಲೇ, ಇದೇ ಬಣ್ಣದ್ದು ಕೊಡಿ ಎಂದು ತೆಗೆದುಕೊಂಡಿದ್ದೆ. ಮೊದಲ ಎರಡು ತಿಂಗಳು ಡಾಕ್ಟರು ಬರೆದ ಕಂಪನಿಯದೇ ಸಿಕ್ಕಿತ್ತು. ಆಮೇಲಿನದು ಬೇರೆ ಎಂದು ಈಗ ಹೆಸರು ಓದಿದಾಗ ತಿಳಿಯಿತು. ಡಾಕ್ಟರು ಹೇಳಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. "ಇದೇ ಕಂಪನೀದು ತಗೊಳ್ಳಿ" ಎಂದು ಕೆಳಗೆ ಗೆರೆ ಎಳೆದುಕೊಟ್ಟಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಹಿಂದೆ ಇಪ್ಪತ್ತು ಜನ ಕಾಯುತ್ತಿದ್ದರು. ಅದಲ್ಲದೆ ತಿನ್ನುವ ವಸ್ತುವನ್ನು ಅನುಮಾನಿಸುವುದು ನನಗೆ ಗೊತ್ತಿತ್ತು, ಔಷಧಿಯನ್ನು ಅನುಮಾನಿಸುವುದು ಗೊತ್ತಿರಲಿಲ್ಲ.

ಪಟ್ಟಿಯ ಹಿಂದೆ ಕಬ್ಬಿಣ ಎಷ್ಟು, ಬಣ್ಣ ಯಾವುದು ಎಂದು ಬರೆದಿತ್ತು. ಉಳಿದದ್ದಕ್ಕೆ ಒಂದೇ ಮಾತು: ಇತರ ಪದಾರ್ಥಗಳು, ಬೇಕಾದಷ್ಟು. ಹಪ್ಪಳದ ಪೊಟ್ಟಣದ ಮೇಲೆ ಎಳ್ಳಿನಿಂದ ಉಪ್ಪಿನವರೆಗೆ ಬರೆದಿರುತ್ತಾರೆ. ಮಗುವಿನ ಹೊಟ್ಟೆಗೆ ದಿನಕ್ಕೆ ಎರಡು ಸಲ ಹೋಗುವ ಮಾತ್ರೆಯ ಮೇಲೆ 'ಬೇಕಾದಷ್ಟು' ಎಂದರೆ ಮುಗಿಯಿತೇ?

ಮಂಜಣ್ಣ ಡಬ್ಬಿ ಹುಡುಕಿ ಕಂಪನಿಯ ನಂಬರು ಕೊಟ್ಟ. ಮೊದಲ ದಿನ ಫೋನೆತ್ತಿದವರು ಹಿಂದಿಯಲ್ಲಿ, ನಮ್ಮ ಮಾತ್ರೆಯಲ್ಲಿ ಸಕ್ಕರೆ ಇಲ್ಲ, ನಿಶ್ಚಿಂತೆಯಿಂದ ಕೊಡಿ ಅಂದರು. ಸಕ್ಕರೆ ಕೇಳಲಿಲ್ಲ, ಹಿಟ್ಟು ಕೇಳಿದೆ ಎಂದೆ. ನೀವು ಡಾಕ್ಟರಾ ಎಂದರು. ಬಸ್ ಕಂಡಕ್ಟರ್ ಎಂದೆ. ಫೋನು ಇಟ್ಟುಬಿಟ್ಟರು. ಎರಡನೇ ದಿನ ಇನ್ನೊಬ್ಬರು 'ಸ್ಟಾರ್ಚ್' ಇದೆ ಅಂದರು. ಯಾವ ಕಾಳಿನದು ಎಂದರೆ ಅದು ತಮಗೆ ಗೊತ್ತಿಲ್ಲ ಎಂದರು. ಮೂರನೇ ದಿನ ಎಲ್ಲವನ್ನೂ ಬರೆದು, ಪಟ್ಟಿಯ ಫೋಟೋ, ರಕ್ತ ಪರೀಕ್ಷೆಯ ಕಾಗದ ಸೇರಿಸಿ ಮೇಲ್ ಕಳಿಸಿದೆ. ಅಷ್ಟು ದಿನವೂ ಆ ಮಾತ್ರೆಯನ್ನು ನಿಲ್ಲಿಸಿದ್ದೆ. ಡಾಕ್ಟರು ಫೋನಿನಲ್ಲಿ, ಮೊದಲು ಅದನ್ನು ಬಿಡಿ, ಆಮೇಲೆ ಮಾತು ಅಂದಿದ್ದರು.

ಉತ್ತರ ಬಂದಾಗ ನಾನು ಮಳವಳ್ಳಿ ನಿಲ್ದಾಣದಲ್ಲಿದ್ದೆ. ಬಸ್ಸು ಹೊರಡಲು ಸಿದ್ಧವಾಗಿತ್ತು, ವಿಷಲ್ ಬಾಯಲ್ಲಿತ್ತು. ಮೇಲ್ ಎರಡೇ ಸಾಲು. ನಮ್ಮ ಈ ಮಾತ್ರೆಯಲ್ಲಿ ಬಳಸುವ ಪಿಷ್ಟ ಗೋಧಿಯದು. ನಿಮ್ಮ ವೈದ್ಯರನ್ನು ಸಂಪರ್ಕಿಸಿ.

ಎಷ್ಟು ಸಲ ಓದಿದೆನೋ. ಕಣ್ಣಿನ ಮುಂದೆ ಬೆಲ್ಲದ ಬಟ್ಟಲು ಬಂತು, ಬಳಿದ ಬೆರಳು ಬಂತು. ಒಂದು ತುತ್ತು ಹುಗ್ಗಿಗಾಗಿ ಅತ್ತೆಯ ಮೇಲೆ ಕೂಗಾಡಿದ್ದು ಬಂತು. ವಿಷಲ್ ಊದುವುದೇ ಮರೆತೆ. ಡ್ರೈವರ್ ಎರಡು ಸಲ ತಿರುಗಿ ನೋಡಿದ. ಮುಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬಳು ಬಾಗಿಲು ಬಡಿದು "ರೈಟ್!" ಎಂದು ಕೂಗಿದ ಮೇಲೆ ಬಸ್ಸು ಹೊರಟಿತು.

ಮಂಡ್ಯ ಮುಟ್ಟಿದವಳೇ ಸಮವಸ್ತ್ರದಲ್ಲೇ ಕೆಳಗಿನ ಮನೆಗೆ ಹೋದೆ. ಪುಟ್ಟತಾಯಮ್ಮ ಹಿತ್ತಿಲ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಎದುರಿಗೆ ಬೀಸೋಕಲ್ಲು. ಪಕ್ಕದ ಮೊರದಲ್ಲಿ ಹಸನು ಮಾಡಿದ ರಾಗಿ. ಬೆಳಿಗ್ಗೆ ಡ್ಯೂಟಿಗೆ ಇಳಿಯುವಾಗೆಲ್ಲ ಕೇಳುತ್ತಿದ್ದ ಗರಗರ ಸದ್ದು ಏನೆಂದು ಆಗ ತಿಳಿಯಿತು. ನಾನು ಬೈದಂದಿನಿಂದ ಅಟ್ಟದ ಮೇಲಿನ ಕಲ್ಲು ಇಳಿಸಿಕೊಂಡು, ಯಾರೂ ಉಣ್ಣಲು ಬಾರದಿದ್ದರೂ ಬೀಸಿ ಬೀಸಿ ಒಂದು ಡಬ್ಬಿ ತುಂಬಿಸಿಟ್ಟಿದ್ದರು.

"ನೀನೇಳಿದ್ದು ದಿಟ ಕಣವ್ವ," ತಲೆಯೆತ್ತದೆ ಅಂದರು. "ನಾನೂ ಓಗಿ ನೋಡ್ದೆ. ಗೋಧಿ ಇಂದ್ಗಡೇನೆ ರಾಗಿ ಸುರೀತಾರೆ ಮುಂಡೇವು. ಇದ್ರಲ್ಲಿ ಏನೂ ಬೆರ್ತಿಲ್ಲ. ಮಗೀಗೆ ಮಾಡ್ಕೊಡು. ನನ್ ಕೈದು ಬ್ಯಾಡಂದ್ರೆ ಬುಡು, ನೀನೇ ಮಾಡ್ಕೊಡು."

"ಅಮ್ಮಾರ, ನಿಮ್ಮ ಹಿಟ್ಟಿಂದಲ್ರೀ," ಎಂದೆ. "ಮಾತ್ರಿಯೊಳಗ ಇತ್ರೀ ಗೋಧಿ. ಆ ಕೆಂಪು ಮಾತ್ರಿಯೊಳಗ. ತಂದಾಕಿ ನಾನ ರೀ. ನಿಮ್ಮನ್ನ ಬೈದ್ನಿ. ನನ್ನ ತಪ್ಪಾತ್ರಿ."

ಕಲ್ಲು ನಿಂತಿತು. ಅವರು ಈಗ ಬೈಯುತ್ತಾರೆ, ಬೈದರೆ ನನಗೆ ಹಗುರವಾಗುತ್ತದೆ ಎಂದು ಕಾದೆ.

"ಮುದ್ದೆ ಒಳ್ಗೆ ಇಡ್ತಿದ್ನಲ್ಲ, ಅದಾ?"

"ಹೌದ್ರೀ."

ಗೂಟದಿಂದ ಕೈ ಜಾರಿತು. ಅಂಗೈಯನ್ನು ತಿರುಗಿಸಿ ನೋಡಿಕೊಂಡರು. "ನನ್ ಕೈಯಾರೆ," ಅಂದರು. "ಮಗ ಬಾಯ್ ತಗ್ದು ತೋರ್ಸ್ತಿತ್ತು. ಅಯ್ಯೋ, ನನ್ ಕೈಯಾರೆ ನುಂಗುಸ್ಬುಟ್ನಲ್ಲವ್ವ!"

ಅವರ ಮೇಲಿನ ಆರೋಪ ಇಳಿಸಲು ಹೋದವಳು ಅದಕ್ಕಿಂತ ದೊಡ್ಡದನ್ನು ಹೊರಿಸಿ ಬಂದಿದ್ದೆ. ನಿಮಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ ಎಂದು ಎಷ್ಟು ಹೇಳಿದರೂ ಅವರು ಕೈ ನೋಡುವುದು ಬಿಡಲಿಲ್ಲ. ಕೊನೆಗೆ ನಾನೂ ಎದುರಿಗೆ ಕೂತು ಗೂಟ ಹಿಡಿದೆ. ಇಬ್ಬರೂ ಸೇರಿ ಮೊರದಲ್ಲಿದ್ದ ರಾಗಿಯನ್ನು ಬೀಸಿ ಮುಗಿಸಿದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಲೀಲಾ ಮೇಲಿನಿಂದ ಇಣುಕಿ ನೋಡಿದವಳು, ಕರೆಯದೆಯೇ ಇಳಿದು ಬಂದು ಅಜ್ಜಿಯ ಬೆನ್ನಿಗೆ ಜೋತುಬಿದ್ದಳು.

ಮಾತ್ರೆ ನಿಲ್ಲಿಸಿದ ಮೇಲೆ ಭೇದಿ ನಿಂತಿತು. ಹೊಟ್ಟೆನೋವು ಹೋಗಲು ಇನ್ನೂ ಎರಡು ತಿಂಗಳು ಹಿಡಿಯಿತು. ಮೊದಲಿನ ಕಂಪನಿಯದು ಸಿಗದ್ದರಿಂದ ಡಾಕ್ಟರು ಬೇರೆ ಕಂಪನಿಯ ಮಾತ್ರೆ ಬರೆದರು. ಈ ಸಲ ನಾನೇ ಮೊದಲು ಫೋನು ಮಾಡಿ, ಮೆಕ್ಕೆಜೋಳದ ಪಿಷ್ಟ ಎಂದು ಬರಹದಲ್ಲಿ ತರಿಸಿಕೊಂಡೆ. ಮಂಜಣ್ಣನಿಗೆ ತೋರಿಸಿದೆ. ಈಗ ಅವನು ಬಣ್ಣ ನೋಡಿ ಕೊಡುವುದಿಲ್ಲ, ನಾನೂ ಕಿಟಕಿಯಿಂದ ತೆಗೆದುಕೊಳ್ಳುವುದಿಲ್ಲ. ಚಿಕ್ಕೇಗೌಡರ ಪಟ್ಟಿಯನ್ನೂ ಹೆಸರು ಓದಿ, ಬರೆದುಕೊಂಡು ತರುತ್ತೇನೆ. ಅವರ ದದ್ದಿಗೆ ಕಾರಣ ಏನಿತ್ತೋ ನನಗೆ ತಿಳಿಯದು. ಆದರೆ ಹಳೆಯ ಮಾತ್ರೆಯನ್ನೇ ಹುಡುಕಿ ತಂದುಕೊಟ್ಟ ಮೇಲೆ ಕಡಿತ ಹೋಯಿತು ಅಂದರು.

ಪುಟ್ಟತಾಯಮ್ಮ ತಿಂಗಳುಗಟ್ಟಲೆ ಮಾತ್ರೆ ಮುಟ್ಟಲಿಲ್ಲ. ಲೀಲಾ ಗೋಗರೆದ ಮೇಲೆ ಒಂದು ದಿನ ಮುದ್ದೆಯ ತುತ್ತು ಮುರಿದು, ಮಾತ್ರೆ ಇಡುವ ಮುನ್ನ ನನ್ನ ಕಡೆ ತಿರುಗಿದರು.

"ಕೇಳ್ದಾ?"

"ಕೇಳೀನ್ರೀ."

"ಏನಂದ್ರು?"

"ಮೆಕ್ಕೆಜೋಳ ಅಂದಾರ್ರೀ."

"ದಿಟವಾಗ್ಲೂ?"

"ಬರದ್ ಕೊಟ್ಟಾರ್ರೀ."

ಅಷ್ಟಾದ ಮೇಲೆ ಉಂಡೆ ಕಟ್ಟಿದರು. ಅಂದಿನಿಂದ ಹೊಸ ಪಟ್ಟಿ ಬಂದಾಗೆಲ್ಲ ಈ ಪ್ರಶ್ನೋತ್ತರ ನಡೆಯಲೇಬೇಕು. ಜ್ವರದ ಮಾತ್ರೆಗೂ, ಕೆಮ್ಮಿನ ಮಾತ್ರೆಗೂ.

ಹೋದ ವಾರ ವರ್ಗಾವಣೆ ಪಟ್ಟಿ ಬಂತು. ನನ್ನ ಹೆಸರಿದೆ. ನಮ್ಮವರು ಫೋನಿನಲ್ಲಿ ಕುಣಿದಾಡಿದರು. ಅತ್ತೆ ಮನೆಯಿಂದ ಗೋಧಿಯನ್ನೇ ಹೊರಗೆ ಹಾಕಿದ್ದಾರಂತೆ, ಮೊಮ್ಮಗಳು ಬರುವಳೆಂದು. ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ? ಜೋಳದ ರೊಟ್ಟಿ ತಟ್ಟುವ ಸದ್ದು, 'ರೀ' ಎನ್ನುವ ಮಾತು, ನನ್ನ ಭಾಷೆಗೆ ನಗದ ಜನ. ಲೀಲಾ ಮಾತ್ರ, "ಅಜ್ಜೀನೂ ಕರ್ಕಂಡ್ ಓಗದಾ?" ಎಂದು ಕೇಳಿ, ಅದಾಗದು ಎಂದಾಗ ಶಾಲೆಯ ಚೀಲ ಎಸೆದಳು.

ಪುಟ್ಟತಾಯಮ್ಮನಿಗೆ ಊಟಕ್ಕೆ ಕೂತಾಗ ಹೇಳಿದೆ. ಮುದ್ದೆ ಕಟ್ಟುತ್ತಿದ್ದ ಕೈ ನಿಲ್ಲಲಿಲ್ಲ. "ಓಗು ಮತ್ತೆ. ಗಂಡ ಅಲ್ಲಿ ಅವ್ನೆ, ಮನೆ ಅಲ್ಲಿ ಐತೆ. ಇಲ್ಲೇನ್ ಕಿತ್ತಾಕ್ಬೇಕು ನೀನು?" ಅಂದರು. ನನಗೊಂದು, ಲೀಲಾಳಿಗೊಂದು ಬಡಿಸಿದರು. ಲೀಲಾಳ ತುತ್ತು ಮುರಿದು, "ಕೇಳ್ದಾ?" ಅಂದರು. ಕೇಳಿದ್ದೇನೆ ಎಂದೆ. ಗುಳುಂ. ಮಗಳು ನಾಲಿಗೆ ಚಾಚಿ ತೋರಿಸಿದಳು.

ನಾನು ಇಷ್ಟು ದಿನವೂ ಮುದ್ದೆ ನುಂಗಲು ಕಲಿಯಲಿಲ್ಲ. ಅವರು ಆಚೆ ತಿರುಗಿದಾಗ ಬೇಗಬೇಗ ಅಗಿದುಬಿಡುತ್ತಿದ್ದೆ. ಪ್ರತಿ ಸಲವೂ ಸಿಕ್ಕಿಬೀಳುತ್ತಿದ್ದೆ, ಪ್ರತಿ ಸಲವೂ ಮೇಕೆ ಅನ್ನಿಸಿಕೊಳ್ಳುತ್ತಿದ್ದೆ. ಅವತ್ತು ಬೇಕೆಂದೇ ಅವರ ಎದುರಿಗೆ, ಬಾಯಿ ಆಡಿಸುತ್ತಾ, ಸದ್ದು ಬರುವ ಹಾಗೆ ಅಗಿದೆ.

ಪುಟ್ಟತಾಯಮ್ಮ ನೋಡಿದರು. ಸಾರಿನ ಪಾತ್ರೆಯನ್ನು ನನ್ನ ಹತ್ತಿರಕ್ಕೆ ಸರಿಸಿ, "ನಿಧಾನಕ್ಕೆ ತಿನ್ನವ್ವ," ಅಂದರು.

ಮೊದಲ ದಿನವೇ ಬೈದು ಮನೆಯವಳನ್ನಾಗಿ ಮಾಡಿಕೊಂಡಿದ್ದವರು ಈಗ ನನ್ನನ್ನು ನೆಂಟರಂತೆ ಉಪಚರಿಸುತ್ತಿದ್ದರು. ಬಾಯಲ್ಲಿದ್ದ ಮುದ್ದೆಯನ್ನು ಅಗಿಯಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.